ಹುಳುವಿನ ಮನೆಗೆ ಇನ್ವರ್ಟರು

ಆಲಸನತ್ತಂ, ಹೊಸೂರು
೧೪-೭-೧೯೮೬

ಪ್ರಿಯ ರಾಮಚಂದ್ರ,

ಸತ್ಯವನ್ನೇ ಹೇಳುತ್ತೇನೆ. ಈ ತಿಂಗಳ ಐದನೇ ತಾರೀಖು ಶನಿವಾರ ಮಧ್ಯಾಹ್ನ, ಊಟವಾದ ಮೇಲೂ ಪೂರ್ತಿ ಎಚ್ಚರವಾಗಿದ್ದಾಗ, ಹೈಸ್ಕೂಲಿನ ಭೌತಶಾಸ್ತ್ರದ ಮೇಷ್ಟ್ರೂ ಎರಡು ಸಲ ಜನಗಣತಿಗೆ ಹೋಗಿಬಂದ ಸರ್ಕಾರಿ ನೌಕರನೂ ಆದ ಬದರೀನಾಥನೆಂಬ ನಾನು, ಇನ್ನೊಬ್ಬನ ಹೆಸರಿಗೆ ಬರೆದ ಕಾಗದವನ್ನು ಒಡೆದು ಓದಿದೆ. ಓದಿದ್ದಷ್ಟೇ ಅಲ್ಲ, ಅದನ್ನು ಒಂಬತ್ತು ದಿನ ಲಾಗರಿತಮ್ ಪುಸ್ತಕದ ನಡುವೆ ಬಂಧನದಲ್ಲಿಟ್ಟೆ. ಈಗ ತಪ್ಪೊಪ್ಪಿಕೊಂಡು ಶರಣಾಗುತ್ತಿದ್ದೇನೆ.

‘ಒಡೆದು’ ಎಂಬ ಮಾತಿಗೆ ಸ್ವಲ್ಪ ರಿಯಾಯಿತಿ ಕೊಡು. ನನಗೆ ಬರೆದ ಕವರಿನೊಳಗೇ ನೀನು ಇನ್ನೊಂದು ಚೀಟಿ ಮಡಿಚಿ, ‘ಮೂಕಂಡಪಲ್ಲಿಯ ಚೆನ್ನಕೇಶವನಿಗೆ ತಲುಪಿಸು’ ಎಂದು ಮೇಲೆ ಬರೆದು, ಅನ್ನದ ಅಗುಳಿನಿಂದ ಅಂಟಿಸಿದ್ದೆ. ನಿಮ್ಮದು ಮುದ್ದೆಯ ಸೀಮೆ, ಅನ್ನಕ್ಕೆ ಅಲ್ಲಿ ಹಿಡಿತ ಸಾಲದು. ನನ್ನ ಕೈ ತಗಲುವ ಮೊದಲೇ ಅಗುಳು ನಿನ್ನ ಪಕ್ಷ ಬಿಟ್ಟು ನನ್ನ ಪಕ್ಷ ಸೇರಿತು.

ಓದಿದೆ. ಓದಿ ಉರಿದೆ.

ನನಗೆ ಬರೆದ ಕಾಗದದಲ್ಲಿ ಏನಿತ್ತು? ಕ್ಷೇಮ, ಮಳೆ ತಡ, ನನ್ನ ಮನೆಯಾಕೆ ಕಾಮಾಕ್ಷಮ್ಮನವರ ಮಂಡಿನೋವು ಹೇಗಿದೆ. ಅವನ ಚೀಟಿಯಲ್ಲಿ? ರೇಷ್ಮೆ ಇಲಾಖೆಯವರು ಪರೀಕ್ಷೆಗೆಂದು ನಿನ್ನ ಮನೆ ಮೇಲೆ ನಾಲ್ಕು ಸೋಲಾರ್ ಫಲಕ ಇಟ್ಟುಹೋಗಿದ್ದಾರೆ, ಲಾರಿ ಬ್ಯಾಟರಿ ಒಂದು ಕೊಟ್ಟಿದ್ದಾರೆ, ನಿಮ್ಮ ಹುಣಿಸೆದೊಡ್ಡಿಗೆ ಕರೆಂಟಿನ ಕಂಬ ಬರುವುದು ಇನ್ನು ಯಾವ ಕಾಲಕ್ಕೋ, ಅಷ್ಟರಲ್ಲಿ ಹುಳುವಿನ ಮನೆಯಲ್ಲಿ ಒಂದು ಟೇಬಲ್ ಫ್ಯಾನು, ಒಂದು ದೀಪ ನಡೆಯಬೇಕು. ಅದಕ್ಕೆ ಎಂಥ ಇನ್ವರ್ಟರು ತೆಗೆದುಕೊಳ್ಳಲಿ? ಅಂದರೆ, ನನ್ನ ಪಾಲಿಗೆ ಮಂಡಿನೋವು, ಅವನ ಪಾಲಿಗೆ ಮುಖ್ಯ ಪ್ರಶ್ನೆ!

ರಾಮಚಂದ್ರ, ಕೃಷ್ಣಗಿರಿಯ ಹಾಸ್ಟೆಲಿನಲ್ಲಿ ಎರಡು ವರ್ಷ ಒಂದೇ ಬಕೆಟ್ಟಿನಲ್ಲಿ ಸ್ನಾನ ಮಾಡಿದವರು ನಾವು. ನಿನ್ನ ಮದುವೆಯಲ್ಲಿ ಧಾರೆಯ ಹೊತ್ತಿಗೆ ಪೆಟ್ರೋಮ್ಯಾಕ್ಸ್ ಆರಿದಾಗ ಪಂಚೆ ಮೇಲೆ ಕಟ್ಟಿ ದೀಪಕ್ಕೆ ಪಿನ್ನು ಹಾಕಿ ಹೊತ್ತಿಸಿದವನು ಯಾರು? ಆ ಚೆನ್ನಕೇಶವನೋ? ಅವನಾಗ ಒಂದನೇ ಕ್ಲಾಸಿನಲ್ಲಿ ಸ್ಲೇಟು ನೆಕ್ಕುತ್ತಿದ್ದ. ಮುಂದೆ ನನ್ನ ಕೈಯಲ್ಲೇ ಓದಿ, ನನ್ನ ವಿಷಯದಲ್ಲೇ ನೂರಕ್ಕೆ ಮೂವತ್ತೊಂದು ತೆಗೆದ ಮಹಾಶಯ ಅವನು. ಈಗ ಕೈಗಾರಿಕಾ ಬಡಾವಣೆಯ ಹಿಂದೆ ಒಂದು ಷೆಡ್ಡು ಹಾಕಿಕೊಂಡು ತಾಮ್ರದ ತಂತಿ ಸುತ್ತುತ್ತಾನಂತೆ.

ಇನ್ವರ್ಟರು ಎಂದರೇನೆಂದು ನನ್ನಿಂದ ಕೇಳು. ಬ್ಯಾಟರಿಯಲ್ಲಿರುವುದು ನೇರ ವಿದ್ಯುತ್ತು, ನಿನ್ನ ಹಾಗೆ: ಹೊರಟರೆ ಒಂದೇ ದಾರಿ. ಫ್ಯಾನಿಗೆ ಬೇಕಾದದ್ದು ಪರ್ಯಾಯ ವಿದ್ಯುತ್ತು, ನನ್ನ ಹಾಗೆ: ಸೆಕೆಂಡಿಗೆ ನೂರು ಸಲ ಮನಸ್ಸು ಬದಲಾಯಿಸುತ್ತದೆ. ನಿನ್ನನ್ನು ನನ್ನ ಹಾಗೆ ಮಾಡುವ ಪೆಟ್ಟಿಗೆಯೇ ಇನ್ವರ್ಟರು. ಹೀಗಿರುವಾಗ ನಮ್ಮಿಬ್ಬರ ನಡುವೆ ಮೂರನೆಯವನಿಗೆ ಏನು ಕೆಲಸ?

ನನ್ನ ಮನೆಯನ್ನೇ ತೆಗೆದುಕೋ. ಕಳೆದ ದೀಪಾವಳಿಯಿಂದ ಪಡಸಾಲೆಯ ಗೂಡಿನಲ್ಲಿ ಒಂದು ಇನ್ವರ್ಟರು ಕೂತಿದೆ. ಕರೆಂಟು ಹೋದರೆ ಬೀದಿಗೆ ಬೀದಿ ಕತ್ತಲು, ನಮ್ಮದೊಂದೇ ಮನೆ ಬೆಳಕು. ಎದುರು ಮನೆಯ ಭಾಗೀರಥಮ್ಮನವರು ಹಪ್ಪಳದ ಹಿಟ್ಟನ್ನು ಮಣೆ ಸಮೇತ ತಂದು ನಮ್ಮ ಪಡಸಾಲೆಯಲ್ಲಿ ಲಟ್ಟಿಸುತ್ತಾರೆ. ಎಂಟು ತಿಂಗಳಾಯಿತು, ಅದಕ್ಕೆ ಒಂದು ಕೆಮ್ಮಿಲ್ಲ, ಒಂದು ಸೀನಿಲ್ಲ. ಬೀದಿಯವರು ‘ಮೇಷ್ಟ್ರ ಇನ್ವರ್ಟರು’ ಎನ್ನುತ್ತಾರೆ. ನಾನು ಸುಮ್ಮನೆ ನಗುತ್ತೇನೆ. ದೊಡ್ಡವರು ತಮ್ಮ ಬಾಯಿಂದ ಹೇಳಿಕೊಳ್ಳಬಾರದು.

ಇಂತಿ ಅಪರಾಧಿ,
ಬದರಿ


ಹುಣಿಸೆದೊಡ್ಡಿ, ಸೂಳಗಿರಿ ದಾರಿ
೨೨-೭-೧೯೮೬

ಬದರಿಗೆ ರಾಮಚಂದ್ರಪ್ಪನ ವಂದನೆಗಳು.

ನಿನ್ನ ಕಾಗದವನ್ನು ಶ್ಯಾಮಲಳಿಗೆ ಓದಿ ಹೇಳಿದೆ. ಸೊಪ್ಪು ಕತ್ತರಿಸುತ್ತಿದ್ದವಳು ಕುಡುಗೋಲು ಕೆಳಗಿಟ್ಟು ನಕ್ಕಳು. ಆಮೇಲೆ ನಗು ನಿಲ್ಲಿಸಿ, ‘ಮೇಷ್ಟ್ರುಗೆ ಹೊಟ್ಟೆಕಿಚ್ಚು ಕಣ್ರೀ. ಅವ್ರು ಬಂದ್ರೆ ಜಗಲಿ ಮ್ಯಾಲೆ ಕುಂಡ್ರಿಸಿ ಕಾಫಿ ಕೊಡ್ತೀನಿ, ಹುಳಿನ ಮನೆ ಒಳೀಕೆ ಮಾತ್ರ ಬುಡಾಕಿಲ್ಲ’ ಅಂದಳು. ನಿನಗೆ ಗೊತ್ತಲ್ಲ, ನಮ್ಮಲ್ಲಿ ಅದೊಂದು ಕಟ್ಟು. ಹುಳು ಮೇಯುತ್ತಿರುವಾಗ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಬಿಟ್ಟರೂ ಕಾಲು ತೊಳೆದು ಬರಬೇಕು. ಹೊಟ್ಟೆಕಿಚ್ಚಿನವರಂತೂ ಹೊಸ್ತಿಲು ದಾಟಬಾರದು, ಕಣ್ಣು ತಗುಲಿದರೆ ಹುಳಕ್ಕೆ ಹಾಲುತೊಂಡೆ ರೋಗ ಬಡಿಯುತ್ತದೆ ಅಂತ. ಇಲಾಖೆಯ ಸಾಹೇಬರು ಅದು ಕ್ರಿಮಿಯಿಂದ ಬರುತ್ತದೆ ಅನ್ನುತ್ತಾರೆ. ಶ್ಯಾಮಲ ‘ಆ ಕ್ರಿಮಿ ಯಾರ ಹೊಟ್ಟೇಲಿತ್ತು ಅಂತ ಕೇಳಿ’ ಅನ್ನುತ್ತಾಳೆ.

ತಮಾಷೆ ಇರಲಿ. ಹೋದ ವರ್ಷ ಹಿಂಗಾರಿನ ಬೆಳೆ ನಾನು ಹೇಗೆ ಕಳೆದುಕೊಂಡೆ ಅಂತ ನಿನಗೆ ಬರೆಯಲಿಲ್ಲ. ಹುಳು ಚೆನ್ನಾಗಿ ಮೇದಿದ್ದವು, ಮೇವು ಬಿಟ್ಟು ಹಣ್ಣಾದವು, ಚಂದ್ರಿಕೆ ಮೇಲೆ ಬಿಟ್ಟೆವು. ಚಂದ್ರಿಕೆ ಅಂದರೆ ಬಿದಿರಿನ ತಟ್ಟಿ, ಅದರ ಸುರುಳಿಯಲ್ಲೇ ಹುಳು ಗೂಡು ಕಟ್ಟೋದು. ಆ ಮೂರು ದಿನ ಒಣಗಾಳಿ ಆಡಬೇಕು. ಹೊರಗೆ ಜಡಿಮಳೆ, ಒಳಗೆ ಗಾಳಿ ಇಲ್ಲ. ಶ್ಯಾಮಲ ಮೂರು ದಿನ ಮೊರ ಹಿಡಿದು ಬೀಸಿದಳು, ತೋಳು ಊದಿತು. ಗೂಡು ನೆನೆದು ಕಲೆಯಾಗಿ, ನೂಲು ಬಿಚ್ಚೋರು ಒಬ್ಬರೂ ಮುಟ್ಟಲಿಲ್ಲ. ಈ ಸಲ ಅವಳು ಖಂಡಿತವಾಗಿ ಹೇಳಿದ್ದಾಳೆ: ‘ಇದೂ ಹಾಳಾದ್ರೆ ಹಿಪ್ಪುನೇರಳೆ ಬೇರು ಸಮೇತ ಕೀಳ್ತೀನಿ, ಆಮ್ಯಾಕೆ ಹುಳಿನ ಮಾತು ಈ ಮನೇಲಿ ಎತ್ತಬ್ಯಾಡಿ.’ ಆ ತೋಟ ನಾವಿಬ್ಬರೂ ಮದುವೆಯಾದ ವರ್ಷ ನೆಟ್ಟದ್ದು.

ಚೆನ್ನಕೇಶವನನ್ನು ಯಾಕೆ ಕೇಳಿದೆ ಅಂದರೆ, ಸೂಳಗಿರಿಯ ಪಂಪು ರಿಪೇರಿ ಹನುಮಯ್ಯ ಒಂದು ಮಾತು ಹೇಳಿದ. ‘ಓದಿದೋರ್ನ ಕೇಳುದ್ರೆ ಉತ್ತರ ಏಳ್ತಾರೆ. ಆ ಹುಡ್ಗನ್ನ ಕೇಳುದ್ರೆ ಪ್ರಶ್ನೆ ಕೇಳ್ತಾನೆ’ ಅಂತ. ಅಷ್ಟೇ ಕಣೋ, ಬೇರೆ ಏನಿಲ್ಲ.

ನನಗೆ ಬೇಕಾದದ್ದು ಇಷ್ಟು. ಹಿಂಗಾರಿನ ಮಳೆಯಲ್ಲಿ ಆ ಮೂರು ದಿನ ಫ್ಯಾನು ತಿರುಗಬೇಕು. ಕೆಟ್ಟರೆ ನಾನೇ ಸರಿ ಮಾಡಿಕೊಳ್ಳುವ ಹಾಗಿರಬೇಕು. ಆ ಚೀಟಿ ಅವನಿಗೆ ತಲುಪಿಸು.

ಮರೆತಿದ್ದೆ, ಕಾಮಾಕ್ಷಮ್ಮನವರ ಮಂಡಿ ಹೇಗಿದೆ?

ನಿನ್ನ,
ರಾಮಚಂದ್ರಪ್ಪ


ಆಲಸನತ್ತಂ
೩-೮-೧೯೮೬

ಪ್ರಿಯ ರಾಮಚಂದ್ರ,

ಮಂಡಿ ಸುಖವಾಗಿದೆ. ಹೊಟ್ಟೆಯ ವಿಷಯ ನೀನು ಕೇಳಲಿಲ್ಲ, ನಿನ್ನ ಮನೆಯವರೇ ಹೇಳಿದರು. ಶ್ಯಾಮಲಮ್ಮನವರಿಗೆ ಹೇಳು: ನಿಮ್ಮ ಮನೆಯಲ್ಲಿ ಹುಳು ಇರಬಹುದು, ನನ್ನ ಮನಸ್ಸಿನಲ್ಲಿ ಹುಳುಕಿಲ್ಲ.

ಇವತ್ತು ಬೆಳಿಗ್ಗೆ ಕೈದಿಯನ್ನು ಲಾಗರಿತಮ್ಮಿನಿಂದ ಬಿಡುಗಡೆ ಮಾಡಿ, ಸೈಕಲ್ಲು ತುಳಿದು ಮೂಕಂಡಪಲ್ಲಿಗೆ ಹೋದೆ. ಷೆಡ್ಡಿನ ಮುಂದೆ ಐದಾರು ಜನ ಕಾಯುತ್ತಿದ್ದರು. ನನ್ನ ಮನೆಗೆ ಪಾಠಕ್ಕೆ ಇಬ್ಬರು ಬರುತ್ತಾರೆ, ಅವರಲ್ಲಿ ಒಬ್ಬ ನನ್ನ ಅಣ್ಣನ ಮಗ. ಇರಲಿ.

‘ಬನ್ನಿ ಸಾರ್, ಬನ್ನಿ! ಹೇಳಿ ಕಳ್ಸಿದ್ರೆ ನಾನೇ ಬತ್ತಿದ್ನಲ್ಲ ಸಾರ್’ ಎಂದು ಎದ್ದುನಿಂತ. ಎದ್ದು ನಿಲ್ಲುವ ಶಿಷ್ಯರನ್ನು ಕಂಡರೆ ನನಗೆ ಸಂಕಟ. ಕೂತೇ ಇದ್ದಿದ್ದರೆ ದ್ವೇಷಿಸಲು ಸುಲಭವಾಗುತ್ತಿತ್ತು.

ನಿನ್ನ ಚೀಟಿ ಓದಿದ. ಅಗುಳು ಬಿಟ್ಟ ಗುರುತನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಕೇಳಲು ಶುರು ಮಾಡಿದ.

‘ಬ್ಯಾಟ್ರಿಯಿಂದ ಫ್ಯಾನು ಎಷ್ಟಡಿ ಸಾರ್?’

‘ಅದೆಲ್ಲ ಯಾಕೆ?’

‘ತಂತಿ ಉದ್ದ ಆದ್ರೆ ದಾರೀಲೇ ಸೋರೋಗ್ತದೆ. ಒಂದೇ ಸಮ ಎಷ್ಟು ದಿನ ಮೋಡ ಕಟ್ತದೆ ಅವ್ರ ಕಡೆ? ಕೆಟ್ರೆ ಬಿಚ್ಚೋರು ಯಾರು? ರಾಮಚಂದ್ರಣ್ಣಂಗೆ ಕನ್ನಡಕ ಬಂದದಾ?’

‘ಕನ್ನಡಕಕ್ಕೂ ಇನ್ವರ್ಟರಿಗೂ ಏನಪ್ಪ ಸಂಬಂಧ?’

‘ಫ್ಯೂಸು ಚಿಕ್ಕದಲ್ವಾ ಸಾರ್. ಕಾಣಿಸ್ಬೇಕು. ಕಾಣ್ದೇ ಹೋದ್ರೆ ದೊಡ್ಡ ಫ್ಯೂಸು ಹಾಕ್ಕೊಡ್ತೀನಿ.’

ರಾಮಚಂದ್ರ, ನಿನಗೆ ಕನ್ನಡಕ ಬಂದಿದೆಯೇ? ಮೂವತ್ತು ವರ್ಷದ ಸ್ನೇಹದಲ್ಲಿ ಇದು ನನಗೆ ಗೊತ್ತಿಲ್ಲ ಎಂಬುದು ಅಲ್ಲಿ, ಅವನ ಎದುರಿಗೆ, ನನಗೆ ಗೊತ್ತಾಯಿತು.

ಅವನ ಯಂತ್ರವನ್ನೂ ತೋರಿಸಿದ. ಬೂದು ಬಣ್ಣದ ತಗಡಿನ ಪೆಟ್ಟಿಗೆ. ಒಳಗೆ ಒಂದು ಟ್ರಾನ್ಸ್‌ಫಾರ್ಮರು, ಎರಡು ದಪ್ಪ ಟ್ರಾನ್ಸಿಸ್ಟರು, ಹೊರಗೆ ಒಂದು ಸ್ವಿಚ್ಚು, ಒಂದು ಫ್ಯೂಸು. ಅಷ್ಟೇ! ಮೀಟರಿಲ್ಲ, ಬಣ್ಣದ ದೀಪವಿಲ್ಲ. ಎತ್ತಿದರೆ ಬೀಸುವ ಕಲ್ಲಿನ ಭಾರ, ಹಾಕಿದರೆ ಗುಂಯ್ ಎಂದು ದುಂಬಿಯ ಸದ್ದು. ಅದರಿಂದ ಬರುವ ವಿದ್ಯುತ್ತು ಅಲೆಯಾಗಿ ಬರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ.

‘ಇದು ಫ್ಯಾನಿಗೆ ಒಳ್ಳೆಯದಲ್ಲ’ ಎಂದೆ.

‘ಹೌದು ಸಾರ್. ಫ್ಯಾನು ಒಂಚೂರು ಬಿಸಿಯಾಗ್ತದೆ. ಮೂರು ದಿನ ತಾನೆ, ತಡೀತದೆ. ಆದ್ರೆ ಎದ್ದೇಳೋವಾಗ ಫ್ಯಾನು ಮೂರು ಪಟ್ಟು ಎಳೀತದೆ ನೋಡಿ, ಆಗ ಸುಮ್ನೆ ಕೊಟ್ಬುಡ್ಬೇಕು. ಇದಕ್ಕೆ ಬುದ್ಧಿ ಇಲ್ಲ ಸಾರ್, ಅದ್ಕೇ ಕೊಡ್ತದೆ.’

ಬುದ್ಧಿ ಇಲ್ಲದಿರುವುದನ್ನು ಗುಣವೆಂದು ಮಾರುವವನನ್ನು ನಾನು ಮೊದಲ ಸಲ ಕಂಡೆ.

ಆದ್ದರಿಂದ ತೀರ್ಮಾನಿಸಿದ್ದೇನೆ. ನಿನ್ನ ಯಂತ್ರವನ್ನು ನಾನೇ ಮಾಡುತ್ತೇನೆ. ಅಲೆ ಅಲೆಯಾಗಿ ಬರುವ ನಯವಾದ ವಿದ್ಯುತ್ತು, ಎರಡು ಮೀಟರು, ಹಸಿರು ಕೆಂಪು ಹಳದಿ ದೀಪ, ಬ್ಯಾಟರಿ ಬಳಲಿದರೆ ತಾನೇ ಕೂಗಿ ತಾನೇ ಆರುವ ಏರ್ಪಾಟು. ಬುದ್ಧಿವಂತರ ಮನೆಯ ಬುದ್ಧಿವಂತ ಯಂತ್ರ. ನೀನು ಸುಮ್ಮನೆ ಒಪ್ಪಿಕೋ.

ಮನೆಗೆ ಬಂದು ಇದೆಲ್ಲ ಹೇಳಿದರೆ ಕಾಮಾಕ್ಷಿ, ‘ಆ ಹುಡುಗ ಎಷ್ಟು ವಿನಯ ಅಲ್ವಾ ರೀ’ ಎಂದಳು. ಮಜ್ಜಿಗೆ ಹುಳಿಗೆ ಇವತ್ತು ಹುಳಿ ಜಾಸ್ತಿಯಾಗಿತ್ತು.

ಹುಳಿಯುಂಡ,
ಬದರಿ


ಮೂಕಂಡಪಲ್ಲಿ
೯-೮-೧೯೮೬

ರಾಮಚಂದ್ರಣ್ಣನವರಿಗೆ ನಮಸ್ಕಾರಗಳು.

ನಿಮ್ಮ ಚೀಟಿ ಬಂತು. ಮೇಷ್ಟ್ರೇ ನಿಮಗೆ ಯಂತ್ರ ಮಾಡುತ್ತಾರಂತೆ. ಹಾಗಾದರೆ ನಾನು ಮಾಡುವುದಿಲ್ಲ ಅಣ್ಣ, ತಪ್ಪು ತಿಳಿಯಬೇಡಿ. ಅವರು ಗುರುಗಳು. ಕರೆಂಟು ಅಂದರೆ ಏನು ಅಂತ ಬೋರ್ಡಿನ ಮೇಲೆ ಬರೆದು ತೋರಿಸಿದವರು ಅವರೇ.

ಒಂದು ಮಾತು. ಬ್ಯಾಟರಿಯನ್ನು ಹುಳುವಿನ ಮನೆ ಗೋಡೆಯ ಆಚೆ, ಹತ್ತಿರದಲ್ಲೇ ಇಡಿ. ದಪ್ಪ ತಂತಿ ಹಾಕಿ. ಹುಳು ಹಣ್ಣಾಗುವುದಕ್ಕೆ ಒಂದು ವಾರ ಮೊದಲೇ ಫ್ಯಾನು ಹಾಕಿ ನೋಡಿ. ಏನಾದರೂ ಹೆಚ್ಚು ಕಡಿಮೆ ಆದರೆ ಹಾಲಿನ ವ್ಯಾನಿನ ನರಸಿಂಹಪ್ಪನ ಹತ್ತಿರ ಹೇಳಿ ಕಳಿಸಿ. ನಾನು ಬರುತ್ತೇನೆ. ಮೇಷ್ಟ್ರಿಗೆ ಹೇಳುವ ಅಗತ್ಯ ಇಲ್ಲ.

ವಿಧೇಯ,
ಚೆನ್ನಕೇಶವ


ಆಲಸನತ್ತಂ
೨೮-೯-೧೯೮೬

ಪ್ರಿಯ ರಾಮಚಂದ್ರ,

ಬಂತು! ಬರುವ ಶನಿವಾರದ ಕೃಷ್ಣಗಿರಿ ಬಸ್ಸಿನ ಟಾಪಿನಲ್ಲಿ ಬರುತ್ತಿದೆ, ಸೂಳಗಿರಿಯಲ್ಲಿ ಇಳಿಸಿಕೋ. ಮಗುವಿನ ಹಾಗೆ ಇಳಿಸಿಕೋ. ಅಳತೆ ಹೇಳಿ ಜಾಗ ಕೇಳಿದಾಗ ಕಂಡಕ್ಟರು ‘ಎನ್ನ ಸಾರ್, ರೇಡಿಯೋವಾ?’ ಎಂದ. ‘ಇಲ್ಲ, ರೇಡಿಯೋದ ಅಪ್ಪ’ ಎಂದೆ.

ಎರಡು ತಿಂಗಳು ಶಾಲೆ ಬಿಟ್ಟ ಮೇಲೆ ಇದೇ ಕೆಲಸ. ತೇಗದ ಪೆಟ್ಟಿಗೆ ಮಾಡಿಸಿದ್ದೇನೆ, ಫ್ರೆಂಚ್ ಪಾಲಿಶ್ ಹೊಡೆಸಿದ್ದೇನೆ. ಎಡಗಡೆ ಮೀಟರು ಬ್ಯಾಟರಿಯ ಆರೋಗ್ಯ ಹೇಳುತ್ತದೆ, ಬಲಗಡೆಯದು ಫ್ಯಾನಿನ ಹಸಿವು. ಹಸಿರು ದೀಪ ಎಂದರೆ ಸುಖ, ಹಳದಿ ಎಂದರೆ ಚಿಂತೆ, ಕೆಂಪು ಎಂದರೆ ಕೂಗು. ಜೊತೆಗೆ ಹನ್ನೊಂದು ಪುಟದ ಸೂಚನೆಗಳನ್ನು ಬರೆದಿದ್ದೇನೆ, ಎಂಟನೇ ಪುಟ ಮುಖ್ಯ.

ಚೆನ್ನಕೇಶವ ನಿನಗೆ ಕಾರ್ಡು ಹಾಕಿದ್ದನೆಂದು ತಿಳಿಯಿತು. ಏನು ಬರೆದಿದ್ದ? ಹೇಳಬೇಡ, ನನಗೆ ಕುತೂಹಲವಿಲ್ಲ. ಏನು ಬರೆದಿದ್ದ?

ಶ್ಯಾಮಲಮ್ಮನವರಿಗೆ ಹೇಳು: ಈ ಸಲ ಮೊರ ಅಟ್ಟಕ್ಕೆ ಹಾಕಿಬಿಡಲಿ.

ನಿನ್ನ ಮೊದಲ ಸ್ನೇಹಿತ (ಇದನ್ನು ಎರಡು ಸಲ ಓದಿಕೋ),
ಬದರಿ


ಹುಣಿಸೆದೊಡ್ಡಿ
೧೪-೧೦-೧೯೮೬, ಮಂಗಳವಾರ

ಬದರಿ,

ಟಪಾಲಿಗೆ ಹಾಕಿದರೆ ತಡವಾಗುತ್ತದೆ ಅಂತ ನರಸಿಂಹಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನ ಯಂತ್ರ ನೋಡಲು ಬಲು ಚೆಂದ. ಊರಿನವರೆಲ್ಲ ಬಂದು ನೋಡಿ ಕೈಮುಗಿದರು, ಆಯುಧಪೂಜೆಗೆ ಶ್ಯಾಮಲ ಕುಂಕುಮ ಇಟ್ಟಳು. ದೀಪ ಹಾಕಿದರೆ ಹತ್ತುತ್ತದೆ. ಫ್ಯಾನು ಹಾಕಿದರೆ ರೆಕ್ಕೆ ಅರ್ಧ ಸುತ್ತು ಬರುತ್ತದೆ, ಕೆಂಪು ದೀಪ, ಕೀಂ ಅಂತ ಕೂಗು, ಎಲ್ಲ ಆರಿಹೋಗುತ್ತದೆ. ಹದಿನಾರು ಸಲ ನೋಡಿದೆ. ಎಂಟನೇ ಪುಟ ಓದಿದೆ, ಅದರಲ್ಲಿ ಒಂಬತ್ತನೇ ಪುಟ ನೋಡು ಅಂತ ಇದೆ.

ಇನ್ನೊಂದು. ಏನೂ ಹಾಕದೆ ಸುಮ್ಮನೆ ಬಿಟ್ಟರೂ ಬೆಳಗಾಗುವ ಹೊತ್ತಿಗೆ ಬ್ಯಾಟರಿ ಅರ್ಧ ಇಳಿದಿರುತ್ತದೆ. ಮೂರು ದೀಪ, ಎರಡು ಮೀಟರು ತಾವೇ ಕುಡಿದುಬಿಡುತ್ತವೆ ಅನ್ನಿಸುತ್ತದೆ. ಮೂರು ದಿನದಿಂದ ಸೂರ್ಯ ಕಂಡಿಲ್ಲ.

ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕಡೆಯ ಸಲ ಪೊರೆ ಬಿಟ್ಟು, ಮೇಯುತ್ತಿವೆ. ಶುಕ್ರವಾರಕ್ಕೆ ಹಣ್ಣಾಗುತ್ತವೆ. ಶ್ಯಾಮಲ ಅಟ್ಟದಿಂದ ಮೊರ ಇಳಿಸಿದ್ದಾಳೆ. ನನ್ನ ಜೊತೆ ಮಾತಾಡುತ್ತಿಲ್ಲ.

ಕೈಮುಗಿದು ಕೇಳುತ್ತೇನೆ, ಬಾ. ಇಲ್ಲವೆ ಆ ಹುಡುಗನನ್ನು ಕರೆಸಲಾ? ನಿನ್ನ ಯಂತ್ರ, ನಿನ್ನ ಮಾತು ಮೀರಿ ನಾನು ಮಾಡುವುದಿಲ್ಲ.

ರಾಮಚಂದ್ರ


ಆಲಸನತ್ತಂ
೧೫-೧೦-೧೯೮೬

ಪ್ರಿಯ ರಾಮಚಂದ್ರ,

ದೋಷ ಫ್ಯಾನಿನದು, ಇಲ್ಲವೆ ತಂತಿಯದು. ಯಂತ್ರ ತನ್ನ ಕರ್ತವ್ಯವನ್ನೇ ಮಾಡುತ್ತಿದೆ, ಅಪಾಯ ಕಂಡು ಕೂಗುತ್ತಿದೆ. ನನಗೆ ಶನಿವಾರದವರೆಗೂ ಪರೀಕ್ಷೆಯ ಮೇಲ್ವಿಚಾರಣೆ ಇದೆ. ಭಾನುವಾರ ಮೊದಲ ಬಸ್ಸಿಗೇ ಬಂದು ನೋಡುತ್ತೇನೆ. ಹುಳುಗಳಿಗೆ ಎರಡು ದಿನ ಹಣ್ಣಾಗದೆ ಇರಲು ಹೇಳು.

ಅಲ್ಲಿಯವರೆಗೆ ಬೇರೆ ಯಾರ ಕೈಯನ್ನೂ ಅದರೊಳಗೆ ಬಿಡಬೇಡ. ಯಾರ ಕೈ ಎಂದು ಹೇಳಬೇಕಾಗಿಲ್ಲ.

ಬದರೀನಾಥ


ಹುಣಿಸೆದೊಡ್ಡಿ
೫-೧೧-೧೯೮೬

ಪ್ರೀತಿಯ ಬದರಿಗೆ,

ಹಬ್ಬ ಚೆನ್ನಾಗಿ ಆಯಿತು. ಗೂಡು ಎಲ್ಲ ಹೋಯಿತು, ಒಳ್ಳೆಯ ಬೆಲೆಗೆ ಹೋಯಿತು. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಟ್ಟಿ ಗಟ್ಟಿ, ಕಲೆ ಅನ್ನೋದು ಹುಡುಕಿದರೂ ಇಲ್ಲ. ಶ್ಯಾಮಲ ಐದು ಗೂಡನ್ನು ದೇವರ ಮುಂದೆ ಇಟ್ಟುಕೊಂಡಿದ್ದಾಳೆ, ಮಾರುವುದಿಲ್ಲವಂತೆ.

ನಿನ್ನ ‘ಯಾರ ಕೈಯನ್ನೂ ಬಿಡಬೇಡ’ ಅನ್ನುವ ಕಾಗದ ಓದಿ ನನಗೆ ಬಹಳ ಬೇಜಾರಾಗಿತ್ತು, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಇವನಿಗೆ ಸ್ನೇಹಿತ ಬೇಡ, ಗೆಲ್ಲಬೇಕು ಅಷ್ಟೇ ಅಂದುಕೊಂಡೆ. ಆಮೇಲೆ ಗುರುವಾರ ಸಂಜೆ ಹಾಲಿನ ವ್ಯಾನು ಬಂತು. ನರಸಿಂಹಪ್ಪನ ಪಕ್ಕದಲ್ಲಿ ಚೆನ್ನಕೇಶವ, ಅವನ ತೊಡೆ ಮೇಲೆ ಗೋಣಿಚೀಲದಲ್ಲಿ ಸುತ್ತಿದ ಬೂದು ಪೆಟ್ಟಿಗೆ.

‘ಇದ್ಯಾವುದಪ್ಪ?’ ಅಂದೆ.

‘ಮೇಷ್ಟ್ರ ಮನೇದು ಅಣ್ಣ. ಹೊಸದು ಸುತ್ತಕ್ಕೆ ಹತ್ತು ದಿನ ಬೇಕು, ಅದ್ಕೇ ಅವ್ರ ಮನೆಯಿಂದ ತಂದೆ’ ಅಂದ.

‘ಆ ತೇಗದ ಪೆಟ್ಟಿಗೆನೇ ಒಂಚೂರು ಬಿಚ್ಚಿ ಸರಿ ಮಾಡ್ಬಾರ್ದಾ?’ ಅಂದಳು ಶ್ಯಾಮಲ.

‘ಎರಡು ತಂತಿ ಕಿತ್ರೆ ಓಡ್ತದೆ ಅಕ್ಕಾ. ಗುರುಗಳು ಮಾಡಿರೋದು, ನಾನು ಕೈ ಹಾಕಾಕಿಲ್ಲ’ ಅಂದ.

ಚಾರ್ಜು ಮಾಡಿ ತಂದಿದ್ದ ಎರಡು ಬ್ಯಾಟರಿ ಜೋಡಿಸಿ, ತಾನೇ ದಪ್ಪ ತಂತಿ ಹಾಕಿ, ನನ್ನ ಕೈಯಲ್ಲೇ ಎರಡು ಸಲ ಫ್ಯೂಸು ಬಿಚ್ಚಿಸಿ ಹಾಕಿಸಿ, ಸ್ವಿಚ್ಚು ಒತ್ತಿಸಿದ. ಗುಂಯ್ ಅಂತು, ಫ್ಯಾನು ಎದ್ದಿತು. ಮೂರು ದಿನ ಮೂರು ರಾತ್ರಿ ನಿಲ್ಲಲಿಲ್ಲ ಕಣೋ! ಹೊರಗೆ ಅದೇ ಮಳೆ. ಶ್ಯಾಮಲ ಮೊರದಲ್ಲಿ ರಾಗಿ ಕೇರಿದಳು.

ಭಾನುವಾರ ನೀನು ಬರಲಿಲ್ಲ. ಯಂತ್ರ ಕಳಿಸಿದ ಮೇಲೆ ಇನ್ನು ಬರುವುದೇನು ಅಂದುಕೊಂಡಿರಬೇಕು. ನಿನ್ನ ಮನೆ ಬೆಳಕು ಕಿತ್ತು ನಮಗೆ ಕೊಟ್ಟೆಯಲ್ಲ, ನಾನು ಅಂದುಕೊಂಡದ್ದೆಲ್ಲ ವಾಪಸು ತೆಗೆದುಕೊಂಡೆ. ಶ್ಯಾಮಲ ಏನಂದಳು ಗೊತ್ತಾ? ‘ತನ್ನ ಮನೆ ಕತ್ಲು ಮಾಡ್ಕೊಂಡು ಇನ್ನೊಬ್ಬರಿಗೆ ಕೊಡೋರ ಕಣ್ಣಾಗೆ ಕಿಚ್ಚು ಇರಾಕಿಲ್ಲ. ಮುಂದಿನ ಹುಳ ಇಟ್ಟಾಗ ಮೇಷ್ಟ್ರುನ್ನ ಕರೀರಿ, ಮೊದಲ್ನೇ ಸೊಪ್ಪು ಅವರ ಕೈಯಾಗೇ ಹಾಕುಸ್ತೀನಿ.’ ನನ್ನ ತಮ್ಮನಿಗೂ ಅವಳು ಈ ಮಾತು ಹೇಳಿದವಳಲ್ಲ. ಹದಿನೆಂಟನೇ ತಾರೀಖು ಬಾ.

ಪೆಟ್ಟಿಗೆಯ ಹಿಂಭಾಗದಲ್ಲಿ ಕೆಂಪು ಬಣ್ಣದಲ್ಲಿ ‘೧’ ಅಂತ ಬರೆದಿದೆ. ನಿನ್ನ ಮೊದಲನೇ ಯಂತ್ರವಾ ಇದು?

ನಿನ್ನ,
ರಾಮಚಂದ್ರಪ್ಪ

ಹೌದು, ಕನ್ನಡಕ ಬಂದು ಎರಡು ವರ್ಷವಾಯಿತು.


ಆಲಸನತ್ತಂ
೧೬-೧೧-೧೯೮೬

ಪ್ರಿಯ ರಾಮಚಂದ್ರ,

ಹೌದು, ನಿನ್ನ ಬೆಳೆ ಉಳಿಸಿದ್ದು ನನ್ನ ಮನೆಯ ಯಂತ್ರವೇ. ಒಂದು ವರ್ಷ ಕೆಮ್ಮದೆ ಸೀನದೆ ನಡೆದದ್ದು ಅಲ್ಲೂ ನಡೆಯಿತು. ಮೊದಲೇ ಹೇಳಿರಲಿಲ್ಲವೆ?

ಈ ಮೂರು ವಾಕ್ಯ ಬರೆದು, ಕವರಿಗೆ ಹಾಕಿ, ಗಟ್ಟಿ ಗೋಂದಿನಿಂದ ಅಂಟಿಸಿ ಕಳಿಸಿಬಿಡಬೇಕೆಂದು ಐದು ದಿನ ಒದ್ದಾಡಿದೆ. ಕಳಿಸಿಯೂ ಬಿಡುತ್ತಿದ್ದೆ. ಆದರೆ ಶ್ಯಾಮಲಮ್ಮನವರು ಮೊದಲನೇ ಸೊಪ್ಪು ನನ್ನ ಕೈಯಲ್ಲಿ ಹಾಕಿಸುತ್ತೇನೆಂದರಲ್ಲ, ಅಲ್ಲಿ ಸಿಕ್ಕಿಬಿದ್ದೆ. ನಾನು ಕ್ರಿಮಿಯ ಪಕ್ಷದವನು, ದೃಷ್ಟಿ ಗಿಷ್ಟಿ ನಂಬುವವನಲ್ಲ. ಆದರೂ ನಿನ್ನ ಹುಳುಗಳ ವಿಷಯದಲ್ಲಿ ನನಗೆ ಧೈರ್ಯವಿಲ್ಲ. ಆದ್ದರಿಂದ ಕೇಳು.

ಯಂತ್ರವನ್ನು ನಾನು ಕಳಿಸಲಿಲ್ಲ. ನಾನು ಶಾಲೆಯಲ್ಲಿದ್ದೆ. ನರಸಿಂಹಪ್ಪನಿಗೆ ಕೊಡು ಎಂದು ನನ್ನ ಆ ಕೊನೆಯ ಕಾಗದವನ್ನು ಕಾಮಾಕ್ಷಿಯ ಕೈಗೆ ಕೊಟ್ಟಿದ್ದೆ. ಅವಳು ಅದನ್ನು ಒಡೆದು ಓದಿ ಆಮೇಲೆ ಕಳಿಸಿದಳು. ನಿನ್ನದನ್ನೂ ನನ್ನ ಅಂಗಿಯ ಜೇಬಿನಿಂದ ತೆಗೆದು ಓದಿದಳು. ಈ ಅಪರಾಧ ನಮ್ಮ ಮನೆತನದಲ್ಲೇ ಇದೆ ಎಂದು ಕಾಣುತ್ತದೆ. ಮರುದಿನ ಆ ಮಂಡಿ ಎಳೆದುಕೊಂಡು ಮೂಕಂಡಪಲ್ಲಿಗೆ ಹೋಗಿ, ಚೆನ್ನಕೇಶವನನ್ನು ಕರೆತಂದು, ಪಡಸಾಲೆಯ ಗೂಡಿನಿಂದ ಪೆಟ್ಟಿಗೆ ಇಳಿಸಿಕೊಟ್ಟಿದ್ದಾಳೆ. ನಾನು ಸಂಜೆ ಬಂದಾಗ ಗೂಡು ಖಾಲಿ. ಭಾಗೀರಥಮ್ಮನವರು ಹಿಟ್ಟು, ಮಣೆ, ಲಟ್ಟಣಿಗೆ ಎಲ್ಲ ಎತ್ತಿಕೊಂಡು ಮನೆಗೆ ಹೋಗುತ್ತಿದ್ದರು.

‘ನನ್ನನ್ನು ಕೇಳದೆ ಹೇಗೆ ಕೊಟ್ಟೆ?’ ಎಂದು ಕೂಗಾಡಿದೆ.

‘ಕೇಳಿದ್ರೆ ಕೊಡ್ತಿದ್ರಾ?’ ಎಂದಳು.

ಕೊಡುತ್ತಿರಲಿಲ್ಲ ರಾಮಚಂದ್ರ. ನಿನ್ನ ಗೂಡು ಕೊಳೆತರೆ ಬೇಜಾರಾಗುತ್ತಿತ್ತು. ಅವನ ಕೈಯಿಂದ ಉಳಿದರೆ ಇನ್ನೂ ಹೆಚ್ಚು ಬೇಜಾರಾಗುತ್ತಿತ್ತು. ಇದನ್ನು ಬರೆಯುವಾಗ ನನ್ನ ಅಕ್ಷರ ಚಿಕ್ಕದಾಗಿದೆ, ನಿನ್ನ ಕನ್ನಡಕಕ್ಕೆ ಕಂಡರೆ ಕಾಣಲಿ. ಭಾನುವಾರ ಬಸ್‌ಸ್ಟ್ಯಾಂಡಿನ ತನಕ ಬಂದಿದ್ದೆ. ಮಳೆ ಸುರಿಯುತ್ತಿತ್ತು. ನಿನ್ನ ಫ್ಯಾನು ತಿರುಗುತ್ತಿದ್ದರೆ ಏನು ಮುಖ ತೋರಿಸಲಿ ಎಂದು ಎರಡು ಬಸ್ಸು ಬಿಟ್ಟು ವಾಪಸು ಬಂದೆ.

ಇನ್ನು ಆ ಕೆಂಪು ‘೧’. ಅದು ಚೆನ್ನಕೇಶವ ಮಾಡಿದ ಮೊದಲನೇ ಯಂತ್ರ. ಹೋದ ವರ್ಷದ ದೀಪಾವಳಿಗೆ ಎಲೆ ಅಡಿಕೆ ಮೇಲಿಟ್ಟು, ‘ಮೊದಲ್ನೇದು ಗುರುಗಳಿಗೆ ಸಾರ್’ ಎಂದು ತಂದುಕೊಟ್ಟು ಕಾಲಿಗೆ ಬಿದ್ದ. ಯಾರು ಮಾಡಿದರೆಂದು ಬೀದಿಯವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅವನೂ ಒಂದು ವರ್ಷ ಬಾಯಿ ಬಿಡಲಿಲ್ಲ. ನಿನ್ನ ಮುಂದೆ ಸಹ ‘ಮೇಷ್ಟ್ರ ಮನೇದು’ ಎಂದನೇ ಹೊರತು ತನ್ನದು ಎನ್ನಲಿಲ್ಲ. ಅವನ ಆ ಮಾತನ್ನು ನಿನ್ನ ಕಾಗದದಲ್ಲಿ ಓದಿದಾಗಿನಿಂದ ನನಗೆ ಮಜ್ಜಿಗೆಯೂ ಸೇರುತ್ತಿಲ್ಲ.

ಅದನ್ನು ನಾಲ್ಕು ಸಲ ಗುಟ್ಟಾಗಿ ಬಿಚ್ಚಿ ನೋಡಿದ್ದೇನೆ. ತೇಗದ ಪೆಟ್ಟಿಗೆಯೊಳಗೆ ನಿನಗೆ ಕಳಿಸಿದ್ದು ಅದರದೇ ನಕಲು, ಮೇಲೆ ನನ್ನ ಬುದ್ಧಿ ಸೇರಿಸಿದ್ದು. ನಕಲು ಮಾಡಿದ್ದು ಓಡುತ್ತದೆ. ಆ ಹುಡುಗ ಕಿತ್ತರೆ ಸಾಕೆಂದ ಎರಡು ತಂತಿ ಇವೆಯಲ್ಲ, ಅವು ನನ್ನವು. ಅವನನ್ನು ಕರೆದು ಕೀಳಿಸು, ನನ್ನ ಅಪ್ಪಣೆ ಇದೆ ಎಂದು ಹೇಳು. ಆಮೇಲೆ ಆ ಬೂದು ಪೆಟ್ಟಿಗೆ ನಿನ್ನಲ್ಲೇ ಇರಲಿ.

ಹದಿನೆಂಟಕ್ಕೆ ಬರುತ್ತೇನೆ, ಅಷ್ಟರೊಳಗೆ ತಲುಪಲೆಂದು ಇದನ್ನು ನರಸಿಂಹಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಶ್ಯಾಮಲಮ್ಮನವರಿಗೆ ಈ ಕಾಗದ ಓದಿ ಹೇಳು, ಪೂರ್ತಿ ಓದು. ನಾನು ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತೇನೆ, ಹೊಸ್ತಿಲು ದಾಟುವುದಿಲ್ಲ. ಮೊದಲನೇ ಸೊಪ್ಪು ಚೆನ್ನಕೇಶವನ ಕೈಯಲ್ಲಿ ಹಾಕಿಸಿ.

ಕರೆಂಟು ಹೋಗಿದೆ. ಬೀದಿಗೆ ಬೀದಿ ಕತ್ತಲು, ನಮ್ಮ ಮನೆಯೂ ಸೇರಿ. ಚಿಮಣಿ ದೀಪದಲ್ಲಿ ಬರೆಯುತ್ತಿದ್ದೇನೆ. ನನ್ನ ಹಳೆಯ ಕಾಗದಗಳನ್ನು ತೆಗೆದು ನೋಡು, ಆ ಯಂತ್ರವನ್ನು ನಾನು ಮಾಡಿದೆನೆಂದು ಎಲ್ಲೂ ಬರೆದಿಲ್ಲ, ಬಲು ಜಾಗರೂಕತೆಯಿಂದ ಬರೆದಿಲ್ಲ. ನೀನು ಹಿಂಭಾಗವೆಂದೆಯಲ್ಲ, ಆ ‘೧’ ಇರುವುದೇ ಅದರ ಮುಂಭಾಗ ರಾಮಚಂದ್ರ. ಒಂದು ವರ್ಷ ನನ್ನ ಹೆಸರಿನಲ್ಲಿ ಉರಿದ ಆ ಇನ್ವರ್ಟರಿನಲ್ಲಿ ನಾನು ಮಾಡಿದ ಕೆಲಸ ಇಷ್ಟೇ: ಅದರ ಮುಖವನ್ನು ಗೋಡೆಯ ಕಡೆ ತಿರುಗಿಸಿಟ್ಟದ್ದು.

ಜಗಲಿಯ,
ಬದರಿ